ವಾರಸುದಾರರಿಲ್ಲದ ಚೀಲ

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇದ್ದರೂ ಓಬಳೇಶ ಮೇಷ್ಟ್ರು ಎಡಗಡೆಯ ಮೂರನೆಯ ಸಾಲಿನ ಕಿಟಕಿಯ ಪಕ್ಕಕ್ಕೇ ಹೋಗಿ ಕೂತದ್ದು ಒಂದು ಮೋಡದ ಸಲುವಾಗಿ. ಕೂಡ್ಲಿಗಿ ಬಸ್ ನಿಲ್ದಾಣದ ಮೇಲೆ ಆ ಮೋಡ ಆಗಷ್ಟೇ ತುಪ್ಪಟ ಕತ್ತರಿಸಿಕೊಂಡ ಕುರಿಯ ಹಾಗೆ ನಾಚಿಕೊಂಡು ನಿಂತಿತ್ತು. ಆ ಕಿಟಕಿಯಿಂದ ಮಾತ್ರ ಅದರ ಕಿವಿ ಕಾಣುತ್ತಿತ್ತು.

ಮೇಷ್ಟ್ರು ಅಲ್ಲಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಚಿತ್ರಕಲೆ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನುವುದಕ್ಕಿಂತ, ಅವರ ಪೀರಿಯಡ್ಡನ್ನು ಗಣಿತದವರೋ ವಿಜ್ಞಾನದವರೋ ಕೇಳಿ ಪಡೆಯುತ್ತಿದ್ದರು, ಇವರು ಸ್ಟಾಫ್ ರೂಮಿನ ಕಿಟಕಿಯಲ್ಲಿ ಮೋಡ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ವೇದಿಕೆಗೆ ಕರೆದಿರಲಿಲ್ಲ. ಈಗ ಹೂವಿನಹಡಗಲಿಯ ಒಂದು ಶಾಲೆಯವರು ಮಕ್ಕಳ ಚಿತ್ರ ಸ್ಪರ್ಧೆಗೆ ತೀರ್ಪುಗಾರರಾಗಿ ಬರಬೇಕೆಂದು ಕಾರ್ಡು ಕಳಿಸಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಶಾಲು, ಹಾರ, ಎರಡು ಮಾತು.

ಹೆಂಡತಿ ಸೌಭಾಗ್ಯ ಬಿಳಿ ಅಂಗಿಗೆ ಎರಡು ಸಲ ಇಸ್ತ್ರಿ ಹೊಡೆದು, ಬಾಗಿಲವರೆಗೂ ಬಂದು, “ಫೋನು ಈಗ್ಲೇ ಸೈಲೆಂಟಿಗೆ ಹಾಕ್ರಿ. ಆಮ್ಯಾಲೆ ಮರೀತೀರಿ. ಸ್ಟೇಜಿನ ಮ್ಯಾಲೆ ಅದು ಒದರಿದ್ರ ಮರ್ಯಾದಿ ಹೋಗ್ತೈತಿ,” ಎಂದಿದ್ದಳು. ಮೇಷ್ಟ್ರು ಅಲ್ಲೇ ಹೊಸ್ತಿಲ ಮೇಲೆ ನಿಂತು ಹಾಗೆ ಮಾಡಿದ್ದರು.

ಕೊಟ್ಟೂರು ದಾಟುವ ಹೊತ್ತಿಗೆ ಬಸ್ಸು ತುಂಬಿತ್ತು. ಮೇಷ್ಟ್ರಿಗೆ ಅದು ಗೊತ್ತೇ ಆಗಲಿಲ್ಲ. ಹೊಲಗಳ ಮೇಲೆ ಬಿಸಿಲು ತೆಳ್ಳಗೆ ಕಲಸಿದ ಹಳದಿ ಬಣ್ಣದಂತೆ ಹರಿಯುತ್ತಿತ್ತು. ಅವರು ಆಗಲೇ ಹಡಗಲಿಯ ವೇದಿಕೆಯ ಮೇಲೆ ಕೂತಿದ್ದರು. ಯಾರೋ ಮೈಕಿನಲ್ಲಿ ಅವರ ಹೆಸರಿನ ಹಿಂದೆ ‘ಖ್ಯಾತ’ ಎಂದು ಸೇರಿಸಿದರು. ಚಪ್ಪಾಳೆ ಮಳೆಯ ಹಾಗೆ ಬಿತ್ತು. ಇಬ್ಬರು ಹುಡುಗಿಯರು ತಟ್ಟೆಯಲ್ಲಿ ಮಲ್ಲಿಗೆಯ ಹಾರ ಹಿಡಿದು ಬಂದರು, ಹಾರದ ತುದಿಯಿಂದ ಒಂದು ಮೊಗ್ಗು ಜಾರಿ ಇವರ ಮೊಣಕಾಲ ಮೇಲೆ ಬಿತ್ತು. ಮೇಷ್ಟ್ರು ಕಣ್ಣುಮುಚ್ಚಿ, ವಿನಯದಿಂದ ಕೊರಳು ಬಾಗಿಸಿದರು.

ಅದೇ ಗಳಿಗೆಗೆ ಬಸ್ಸು ಹಂಪು ಹಾರಿತು. ತಲೆಯ ಮೇಲಿನ ಕಂಬಿಗಳ ನಡುವೆ ಇಟ್ಟಿದ್ದ ಒಂದು ದೊಡ್ಡ ಚೀಲ ಎದ್ದು, ಒಂದು ಕ್ಷಣ ಯೋಚಿಸಿ, ಮೇಷ್ಟ್ರ ಬಾಗಿದ ತಲೆಯ ಮೇಲೆ ಧೊಪ್ಪನೆ ಬಿತ್ತು.

‘ಹಾರ ಸ್ವಲ್ಪ ಭಾರವಾಯಿತು’ ಎಂದುಕೊಂಡು ಮೇಷ್ಟ್ರು ಮುಂದಿನ ಸೀಟಿಗೆ ಒರಗಿದರು.

ಕಣ್ಣು ತೆರೆದಾಗ ಮಲ್ಲಿಗೆಯ ವಾಸನೆ ನಿಜವಾಗಿಯೂ ಇತ್ತು. ನಿನ್ನೆಯ ಹೂವಿನ ವಾಸನೆ ಉಳಿದ ಖಾಲಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಕೊಟ್ಟೂರಿನ ಕೊಟ್ರಬಸಮ್ಮ, ದಿನಾ ಹಡಗಲಿಗೆ ಹೋಗಿ ಹೂವು ತರುವವಳು.

“ಯಪ್ಪಾ, ಬದುಕಿದಿಯೇನಪಾ? ನಿನ್ನ ಹೆಸರೇನು ಹೇಳು ನೋಡಾಣ.”

“ಖ್ಯಾತ…” ಎಂದರು ಮೇಷ್ಟ್ರು.

“ಶಿವನೇ, ಹೆಸರೇ ಮರ್ತೈತಿ!”

“ಯಾರೂ ಚೀಲ ಮುಟ್ಟಬ್ಯಾಡ್ರಿ!” ಎಂದು ಹಿಂದಿನಿಂದ ಒಂದು ಗಂಭೀರ ಧ್ವನಿ ಬಂತು. “ಅದು ಸಾಕ್ಷಿ.”

ಎದ್ದು ಬಂದವರು ದುರುಗಪ್ಪನವರು. ಹರಪನಹಳ್ಳಿಯವರು, ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಅಮೀನರಾಗಿ ಊರೂರಿಗೆ ಸಮನ್ಸು ಮುಟ್ಟಿಸಿ ನಿವೃತ್ತರಾದವರು. ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು. ನಿವೃತ್ತಿಯ ನಂತರ ಹಡಗಲಿಯ ಮಗಳ ಮನೆಗೂ ಹರಪನಹಳ್ಳಿಗೂ ತಿರುಗುತ್ತ, ಎಲ್ಲಾದರೂ ಅನ್ಯಾಯ ನಡೆದೀತೇ ಎಂದು ಕಾಯುತ್ತಿದ್ದರು. ಅವರು ಮೇಷ್ಟ್ರ ಊರು, ಕೆಲಸ ಕೇಳಿಕೊಂಡು, ತಲೆಯ ಮೇಲೆದ್ದ ಬುಗುಟಿಯನ್ನು ಬೆರಳಿನಿಂದ ಅಳೆದು, ಅಳತೆಯನ್ನೂ ಬರೆದುಕೊಂಡರು.

“ಮೇಷ್ಟ್ರ, ಇದನ್ನ ಸುಮ್ನ ಬಿಡಬಾರ್ದು. ಪ್ರಯಾಣಿಕನ ತಲಿ ಮ್ಯಾಲೆ ಲಗೇಜು ಬಿದ್ರ ಪರಿಹಾರ ಐತಿ. ಲಗೇಜಿಗೆ ಟಿಕೀಟು ತಗಂಡಿದ್ರ ಬಸ್ಸಿನವರು ಕೊಡ್ಬೇಕು. ಟಿಕೀಟಿಲ್ದ ಇಟ್ಟಿದ್ರ ಚೀಲದ ಮಾಲಕರು ಕೊಡ್ಬೇಕು. ಈಗ ಹೇಳ್ರಿ, ಈ ಚೀಲ ಯಾರ್ದು?”

ಸಿಮೆಂಟಿನ ಚೀಲವನ್ನು ತೊಳೆದು, ಬಾಯಿಗೆ ಹಸಿರು ದಾರದ ಹೊಲಿಗೆ ಹಾಕಿದ ಗಂಟು ಅದು. ಬಸ್ಸಿನೊಳಗೆ ಇದ್ದಕ್ಕಿದ್ದಂತೆ ಎಲ್ಲರಿಗೂ ಪ್ರಕೃತಿಯ ಮೇಲೆ ಪ್ರೀತಿ ಉಕ್ಕಿತು. ನಲವತ್ತು ಮುಖಗಳು ಕಿಟಕಿಯ ಕಡೆ ತಿರುಗಿ ಜಾಲಿ ಗಿಡಗಳನ್ನು ನೋಡತೊಡಗಿದವು.

“ಕಂಡಕ್ಟ್ರ, ನೀನರ ಹೇಳಪಾ.”

ಕಂಡಕ್ಟರ್ ಮೈಲಾರೇಶನ ಮುಖ ಸುಣ್ಣದ ಗೋಡೆಯಾಗಿತ್ತು. “ನನಗ ಗೊತ್ತಿಲ್ರಿ ಸರ್. ದೇವರಾಣಿ. ನಾನು ಈ ಚೀಲಾನ ಈಗ್ಲೇ ನೋಡ್ತಿರಾದು.”

“ಹಂಗಾರ ಅದು ತಾನಾ ಹತ್ತಿ ಬಂತೇನು?”

ಮೈಲಾರೇಶ ಸೀಟಿ ಊದಿದ. ಬಸ್ಸು ನಿಲ್ಲಬೇಕಾಗಿಲ್ಲದ ಕಡೆ ನಿಂತಿತು.

ಹಡಗಲಿಯಲ್ಲಿ ಇಳಿದಾಗ ಹತ್ತೂವರೆ. ಮೇಷ್ಟ್ರಿಗೆ ನೋವು ಅಷ್ಟೇನಿರಲಿಲ್ಲ, ಆದರೆ ಎಲ್ಲವೂ ನೀರಿನೊಳಗಿಂದ ಕಂಡ ಹಾಗೆ ಮೆತ್ತಗೆ ಅಲುಗುತ್ತಿತ್ತು. ಅವರು ಸಂಕೋಚದಿಂದ, “ನನಗ ಹನ್ನೊಂದಕ್ಕ ಒಂದು ಸನ್ಮಾನ ಐತ್ರಿ. ಹಾರ ಹಾಕಿಸ್ಕಂಡು ಬಂದುಬಿಡ್ತೀನಿ,” ಎಂದರು.

ದುರುಗಪ್ಪನವರು ಅವರ ತೋಳು ಹಿಡಿದರು. “ಏನ್ ಮಾತಾಡ್ತೀರಿ ಮೇಷ್ಟ್ರ? ಹಾರ ಹಾಕ್ಕಂಡು ನಕ್ಕಂತ ಕುಂತಿರಾ ಒಂದು ಫೋಟೋ ಸಾಕು, ಕೇಸು ಅಲ್ಲೇ ಸತ್ತು ಹೋತು. ತಲಿಗೆ ಪೆಟ್ಟು ಬಿದ್ದ ಮನುಷ್ಯ ಎಲ್ಲರ ಸನ್ಮಾನಕ್ಕ ಹೋಕ್ಕಾನ?”

“ಖರೇ ಐತಿ,” ಎಂದಳು ಕೊಟ್ರಬಸಮ್ಮ. ಆಕೆ ಹೂವಿನ ಖರೀದಿ ಬಿಟ್ಟು ಜೊತೆಗೆ ಬಂದಿದ್ದಳು. “ನಾನು ಕಣ್ಣಾರೆ ಕಂಡಾಕಿ. ಸಾಕ್ಷಿ ಹೇಳದಿದ್ರ ನಮ್ಮೂರ ದೇವ್ರು ಕೊಟ್ರಯ್ಯ ನನ್ನ ಕೇಳ್ತಾನ. ನಡಿಯಪಾ, ಸ್ವಲ್ಪ ಕುಂಟಿಕೋಂತ ನಡಿ.”

“ಪೆಟ್ಟು ಬಿದ್ದಿರಾದು ತಲಿಗ್ರಿ ಯಮ್ಮಾ.”

“ಇರಲಿ, ನೋಡಿದವರಿಗೆ ಗೊತ್ತಾಗಬೇಕಲ್ಲ.”

ಹೀಗೆ ಮೇಷ್ಟ್ರು ಎರಡೂ ಕಡೆ ತೋಳು ಹಿಡಿಸಿಕೊಂಡು, ಕುಂಟುತ್ತ, ಆಸ್ಪತ್ರೆಗೆ ಹೋದರು. ಹಿಂದೆ ಚೀಲವನ್ನು ಬಸ್ಸಿನ ಕ್ಲೀನರು ಹೊತ್ತು ತಂದ. ಅದರ ಹಿಂದೆ, ಬೇರೆ ಕೆಲಸವಿಲ್ಲದ ಹತ್ತು ಹನ್ನೆರಡು ಜನ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಷ್ಟ್ರ ಕಣ್ಣಿಗೆ ಟಾರ್ಚು ಬಿಟ್ಟು, “ತಲೆ ಸುತ್ತುತ್ತಾ? ವಾಂತಿ ಆಯ್ತಾ? ಈಗ ಎಲ್ಲಿದ್ದೀರಿ ಗೊತ್ತಾ?” ಎಂದು ಕೇಳಿದರು.

ಮೇಷ್ಟ್ರು ಅವರ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಅಲ್ಲಿ ನೀರು ಜಿನುಗಿ ಒಂಟೆಯ ಡುಬ್ಬದಂತೆ ಉಬ್ಬಿದ ಕಲೆಯೊಂದಿತ್ತು. “ಅಲ್ಲಿ ನೋಡ್ರಿ,” ಎಂದರು ಮೆಲ್ಲಗೆ, “ಒಂದು ಒಂಟಿ ಕುಂತೈತಿ. ಮ್ಯಾಲೆ ಯಾರೋ ಛತ್ರಿ ಹಿಡಕೊಂಡಾರ.”

ದುರುಗಪ್ಪನವರ ಮುಖ ಅರಳಿತು. “ಬರ್ಕಳ್ರಿ ಡಾಕ್ಟ್ರೇ! ಒಂಟಿ ಕಾಣ್ತೈತಂತ! ಗಂಭೀರ ಗಾಯ ಅಂತ ಬರೀರಿ!”

ಡಾಕ್ಟರು ಗಾಬರಿಯಾಗಿ ಪೆನ್ನು ಕೆಳಗಿಟ್ಟರು. “ಇವರು ಮೊದಲಿಂದಾನೂ ಹೀಗೇನಾ?”

“ಛೇ ಛೇ, ಚೀಲ ಬಿದ್ದ ಮ್ಯಾಲೇ…” ಎಂದು ದುರುಗಪ್ಪನವರು ಶುರು ಮಾಡುವಷ್ಟರಲ್ಲಿ, ಮೇಷ್ಟ್ರು ಪ್ರಾಮಾಣಿಕವಾಗಿ, “ಮೊದಲಿಂದಾನೂ ಹಿಂಗೇರಿ,” ಎಂದುಬಿಟ್ಟರು.

ಚೀಟಿಯಲ್ಲಿ ‘ತಲೆಯ ಮೇಲೆ ಒಂದು ಸಾಮಾನ್ಯ ಊತ’ ಎಂದು ಬಂತು. ಹೊರಗೆ ಬಂದ ಮೇಲೆ ದುರುಗಪ್ಪನವರು ಮಾವಿನ ಗಿಡದ ಕೆಳಗೆ ನಿಂತು ಆ ಚೀಟಿಯನ್ನು ಮಡಚಿ ಫೈಲಿನೊಳಗೆ ತಳ್ಳಿ, “ಇರಲಿ. ಊತ ಅಂತರ ಬರದಾರಲ್ಲ. ಮುಂದ ನೀವು ಬಾಯಿ ತೆಗಿಬ್ಯಾಡ್ರಿ,” ಎಂದರು.

ಆ ಖಾಸಗಿ ಬಸ್ಸಿನವರ ಆಫೀಸು ನಿಲ್ದಾಣದ ಹಿಂದೆ ಒಂದು ಅಂಗಡಿಯ ಮೇಲಿತ್ತು. ಮ್ಯಾನೇಜರ್ ಅಜ್ಜಯ್ಯ ದಪ್ಪಗೆ, ಶಾಂತವಾಗಿ, ಊಟ ಮುಗಿಸಿದ ಎತ್ತಿನ ಹಾಗೆ ಕೂತಿದ್ದ. ದುರುಗಪ್ಪನವರು ಅರ್ಧ ಗಂಟೆ ನಿಂತುಕೊಂಡೇ ವಾದಿಸಿದರು. ಕಲಾವಿದನ ತಲೆ ಅಂದರೆ ಸಾಮಾನ್ಯ ತಲೆಯಲ್ಲ ಎಂದರು. ಐವತ್ತು ಸಾವಿರದಿಂದ ಶುರು ಮಾಡಿ ಹತ್ತು ಸಾವಿರಕ್ಕೆ ಇಳಿದರು. ಮೇಷ್ಟ್ರು ಮಾತ್ರ ಮ್ಯಾನೇಜರನ ಹಿಂದಿನ ಕಿಟಕಿಯಲ್ಲಿ ಹೂವಿನ ಸಂತೆಯ ಹೆಂಗಸರು ಬಿಳಿ ರಾಶಿಗಳ ಮುಂದೆ ಕೂತಿದ್ದನ್ನು ನೋಡುತ್ತ, ಬಿಳಿಯನ್ನು ಬಿಳಿಯ ಮೇಲೆ ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದರು.

ಅಜ್ಜಯ್ಯ ಕೊನೆಗೆ ಬಾಯಿ ತೆರೆದ. “ನಮ್ಮ ಬಸ್ಸಿನ್ಯಾಗ ಟಿಕೀಟಿಲ್ದ ಲಗೇಜು ಹಾಕಂಗಿಲ್ಲ. ಯಾವನರ ಕಂಡಕ್ಟ್ರು ಗುಟ್ಟಾಗಿ ಪಾರ್ಸೆಲ್ ತಗಂಡ ಅಂದ್ರ ಅವತ್ತೇ ಮನಿಗೆ ಕಳಿಸ್ತೀನಿ. ಏನಲೇ ಮೈಲಾರೇಶ, ನೀನು ತಗಂಡಿಯೇನು?”

“ಇಲ್ರಿ ಸಾವ್ಕಾರ್ರ, ಮೈಲಾರಲಿಂಗನ ಆಣಿ,” ಎಂದ ಮೈಲಾರೇಶ. ಅವನ ಆಣೆಯೂ ನಡುಗುತ್ತಿತ್ತು.

“ಹಂಗಾರ ಚೀಲ ಬಿಚ್ರಿ. ಒಳಗ ಹೆಸರೋ ಅಡ್ರೆಸ್ಸೋ ಇದ್ರ ಮಾಲಕರು ಸಿಗ್ತಾರ,” ಎಂದ ಅಜ್ಜಯ್ಯ.

ಹಸಿರು ದಾರ ಕತ್ತರಿಸಿದರು. ಮೊದಲು ಹೊರಗೆ ಬಂದದ್ದು ಕೆಂಪು ಸೆರಗಿನ ಹೊಚ್ಚ ಹೊಸ ಇಳಕಲ್ ಸೀರೆ. ಅದರ ಮಡಿಕೆಯೊಳಗೆ ಪೆಟ್ಟಾಗದಂತೆ ಸುತ್ತಿಟ್ಟ ಒಂದು ಮಿಕ್ಸಿ. ಮೇಷ್ಟ್ರ ತಲೆಗೆ ತಾಗಿದ್ದು ಅದೇ. ತಳದಲ್ಲಿ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಉಂಡಿ. ಹೆಸರಿಲ್ಲ, ಅಡ್ರೆಸ್ಸಿಲ್ಲ.

ಸೀರೆ ಕಂಡದ್ದೇ ತಡ, ಹಿಂದೆ ಬಂದಿದ್ದ ಜನದಲ್ಲಿ ಒಂದು ಅಲೆ ಎದ್ದಿತು.

“ಅಯ್ಯ, ಇದು ನಮ್ಮಕ್ಕನ ಮಗಳ ಸೀರಿ!” ಎಂದ ಹಿಂದಿನ ಸೀಟಿನಲ್ಲಿದ್ದ ರಾಮಣ್ಣ.

“ನಿಮ್ಮಕ್ಕನ ಮಗಳದು ಹೆಂಗಾಗ್ತೈತಿ? ಮಿಕ್ಸಿ ನಂದು. ಬಸ್ಸಿನ್ಯಾಗ ನಾನು ಮಲಗಿದ್ನಿ, ಅದಕ್ಕ ಹೇಳಲಿಲ್ಲ,” ಎಂದಳು ದ್ಯಾಮಕ್ಕ ಎಂಬಾಕೆ.

ಕೊಟ್ರಬಸಮ್ಮ ಕೂಡ ಸೀರೆಯ ಅಂಚನ್ನು ಬೆರಳಲ್ಲಿ ಸವರಿ, “ನಾನೂ ಹಿಂಗಾದೇ ಒಂದು ಕಳಕೊಂಡಿದ್ದೆ ನೋಡು,” ಎಂದಳು.

ಅಜ್ಜಯ್ಯ ಡ್ರಾಯರಿನಿಂದ ಒಂದು ಹಾಳೆ ತೆಗೆದ. “ಭಾಳ ಚಲೋ ಆತು. ಯಾರ್ದೋ ಅವರು ಇಲ್ಲಿ ಸಹಿ ಹಾಕಿ, ಮೇಷ್ಟ್ರಿಗೆ ಹತ್ತು ಸಾವಿರ ಕೊಟ್ಟು, ಚೀಲ ತಗಂಡು ಹೋಗ್ರಿ.”

ಅಲೆ ಹಿಂದಕ್ಕೆ ಸರಿಯಿತು. ರಾಮಣ್ಣನಿಗೆ ತನ್ನಕ್ಕನಿಗೆ ಮಗಳೇ ಇಲ್ಲವೆಂಬುದು ನೆನಪಾಯಿತು. ದ್ಯಾಮಕ್ಕನ ಮಿಕ್ಸಿಗೆ ಮೂರು ಜಾರಂತೆ, ಇದಕ್ಕೆ ಎರಡೇ. “ನನ್ನ ಸೀರಿ ಅಂಚು ಬ್ಯಾರೆ ಬಿಡು,” ಎಂದು ಕೊಟ್ರಬಸಮ್ಮ ಕೈ ಹಿಂದಕ್ಕೆ ತೆಗೆದಳು. ಐದು ನಿಮಿಷದಲ್ಲಿ ಮೆಟ್ಟಿಲು ಖಾಲಿಯಾಯಿತು.

ಅಜ್ಜಯ್ಯ ಹೇಳಿದ: “ಮಾಲಕರಿಲ್ಲ. ನಮ್ಮ ತಪ್ಪಿಲ್ಲ. ಆದ್ರೂ ಮೇಷ್ಟ್ರು ದೊಡ್ಡ ಮನುಷ್ಯರು. ಈ ಚೀಲಾನೇ ಪರಿಹಾರ ಅಂತ ಬರಕೊಡ್ತೀನಿ. ತಗಂಡು ಹೋಗ್ರಿ, ಕಥಿ ಮುಗೀತು.”

ಮೈಲಾರೇಶ ಒಂದು ಹೆಜ್ಜೆ ಮುಂದೆ ಬಂದ. “ಸರ್, ಒಂದಿನ ಇಟ್ಕೊಂಡು ನೋಡಿದ್ರ… ಯಾರರ ಬಂದಾರು…” ಎಂದು ಗೊಣಗಿದ. ಮ್ಯಾನೇಜರ್ ಅವನ ಕಡೆ ತಿರುಗಿದ್ದೇ, “ಏನಿಲ್ಲ ಬಿಡ್ರಿ,” ಎಂದು ಹೊರಗೆ ಹೋದ.

ದುರುಗಪ್ಪನವರು ಹಾಳೆಯನ್ನು ಮೂರು ಸಲ ಓದಿ ಒಪ್ಪಿದರು. ಸಹಿಯಾಯಿತು. ಖುಷಿಗೆ ಎಲ್ಲರೂ ಒಂದೊಂದು ಉಂಡಿ ತಿಂದರು. ಮ್ಯಾನೇಜರ್ ಎರಡು ತಿಂದ. ಮೇಷ್ಟ್ರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಹದವಾಗಿ ಹುರಿದ ಶೇಂಗಾ, ಹೊಸ ಬೆಲ್ಲ, ಎಲ್ಲೋ ದೂರದಿಂದ ಕರೆದಂತೆ ಒಂಚೂರು ಏಲಕ್ಕಿ. ಮನೆಯಲ್ಲಿ ಅವರು ಉಂಡದ್ದು ಏನೆಂದು ಕೈ ತೊಳೆದ ಮೇಲೆ ಹೇಳಲಾರದವರು. ಊಟದ ಹೊತ್ತಿಗೆ ಸದಾ ಬೇರೆಲ್ಲೋ ಇರುತ್ತಿದ್ದರು. ಇವತ್ತು ಪೆಟ್ಟು ಬಿದ್ದ ತಲೆ ಅವರನ್ನು ಉಂಡಿಯ ಹತ್ತಿರವೇ ಕೂರಿಸಿತ್ತು.

“ಇದನ್ನ ಕಟ್ಟಿದಾಕಿ ಸಾಮಾನ್ಯಳಲ್ಲ,” ಎಂದರು ಭಾವುಕರಾಗಿ. “ಆಕಿ ಗಂಡ ಎಂಥಾ ಪುಣ್ಯವಂತನೋ.” ಒಂದನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡರು, ಹೆಂಡತಿಗೆಂದು.

ಹೊರಗೆ ಬಂದು ಮೇಷ್ಟ್ರು ಇಳಕಲ್ ಸೀರೆಯನ್ನು ದುರುಗಪ್ಪನವರ ಕೈಗೆ ಇಟ್ಟರು. “ನೀವಿಲ್ದಿದ್ರ ಇದೇನೂ ಆಗ್ತಿರಲಿಲ್ಲ. ನಿಮ್ಮನ್ಯಾವ್ರಿಗೆ ಕೊಡ್ರಿ.”

“ಛೇ, ನಾನು ಫೀಜಿಗೆ ಮಾಡಿದ್ದಲ್ಲ ಮೇಷ್ಟ್ರ.”

“ಫೀಜು ಅಲ್ರಿ. ಅಣ್ಣ ತಮ್ಮ ಅಂತ ತಿಳ್ಕೊಳ್ರಿ.”

ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ದುರುಗಪ್ಪನವರು ಕಣ್ಣೊರೆಸಿಕೊಂಡು ತಗೊಂಡರು. ಮೇಷ್ಟ್ರ ಫೋನ್ ನಂಬರನ್ನು ಬರೆದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದರು.

ಶಾಲೆಯ ಹತ್ತಿರ ಹೋದಾಗ ಮೂರು ಗಂಟೆ. ಶಾಮಿಯಾನ ಬಿಚ್ಚುತ್ತಿದ್ದರು. ಕಾರ್ಯದರ್ಶಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಷ್ಟು ಫೋನ್ ಮಾಡಿದ್ವಿ ಸರ್. ನೀವು ಎತ್ತಲಿಲ್ಲ. ತಂದ ಹಾರ ಬಾಡ್ತದ ಅಂತ ಮೈಕ್‌ಸೆಟ್ಟಿನವ್ನಿಗೆ ಹಾಕಿಬಿಟ್ವಿ. ಶಾಲೂ ಅವನಿಗೇ ಹೋತು,” ಎಂದರು. ಅಂಗಳದಲ್ಲಿ ಗಾಳಿಗೆ ಮಕ್ಕಳ ಚಿತ್ರಗಳು ಹಾರಾಡುತ್ತಿದ್ದವು. ಒಂದರಲ್ಲಿ ಹಸಿರು ಸೂರ್ಯನಿದ್ದ. ಮೇಷ್ಟ್ರು ಬಗ್ಗಿ ಅದನ್ನೆತ್ತಿ ನೋಡಿ, ಮೇಲೊಂದು ಕಲ್ಲು ಇಟ್ಟು ಬಂದರು.

ವಾಪಸು ಬರುವಾಗ ಚೀಲ ತೊಡೆಯ ಮೇಲಿತ್ತು. ಕಂಬಿಯ ಮೇಲಿಡುವ ಧೈರ್ಯ ಅವರಿಗಿರಲಿಲ್ಲ. ಸಂಜೆಯ ಬಿಸಿಲು ಹೊಲದಿಂದ ಹೊಲಕ್ಕೆ ಜಿಗಿಯುತ್ತ ಬಸ್ಸಿನ ಜೊತೆಗೇ ಬರುತ್ತಿತ್ತು. ಸನ್ಮಾನ ತಪ್ಪಿದ ಬೇಸರ ಮೆಲ್ಲಗೆ ಕರಗಿ, ಬದಲಿಗೆ ಮನೆ ಕಾಣತೊಡಗಿತು: ಸೌಭಾಗ್ಯ ಮಿಕ್ಸಿ ನೋಡಿ ಹೇಗೆ ನಗುತ್ತಾಳೆ, ಎಂದೂ ಏನೂ ತಾರದ ಗಂಡ ಇವತ್ತು ಹೇಗೆ ಚೀಲ ತುಂಬಿಕೊಂಡು ಬಂದ ಎಂದು ಹೇಗೆ ಬೆರಗಾಗುತ್ತಾಳೆ. ಆ ನಗುವಿಗೆ ಯಾವ ಬಣ್ಣ ಹಚ್ಚಬೇಕೆಂದು ಯೋಚಿಸುತ್ತಲೇ ಕೂಡ್ಲಿಗಿ ಬಂತು.

ಸೌಭಾಗ್ಯ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು. “ಮುಂಜಾನಿಂದ ಎಷ್ಟು ಫೋನ್ ಮಾಡಿದ್ನಿರಿ…” ಎಂದವಳು, ಅವರ ತಲೆ ನೋಡಿ ಮಾತು ನಿಲ್ಲಿಸಿದಳು. “ಅಯ್ಯ ಶಿವನೇ! ಏನ್ರಿ ಇದು?”

ಮೇಷ್ಟ್ರು ಚೀಲವನ್ನು ಕಟ್ಟೆಯ ಮರೆಗೆ ಇಳಿಸಿ ಒಳಗೆ ಬಂದರು. “ಏನಿಲ್ಲ. ಬಸ್ಸಿನ್ಯಾಗ ಯಾರ್ದೋ ಚೀಲ ತಲಿ ಮ್ಯಾಲೆ ಬಿತ್ತು.”

ಸೌಭಾಗ್ಯ ಉರಿದುಹೋದಳು. “ಯಾವಾಕಿ ಇಟ್ಟಿದ್ಲೋ ಅದನ್ನ, ಆಕಿ ಕೈ ಮುರಿಯಾ! ಮಂದಿ ತಲಿ ಮ್ಯಾಲೆ ಅಷ್ಟು ಭಾರ ಇಡಾಕ ಬುದ್ಧಿ ಬ್ಯಾಡೇನು ಆ ಮನಿಹಾಳಿಗೆ? ನನ್ನ ಕೈಗೆ ಸಿಗಬೇಕು ಆಕಿ, ಜುಟ್ಟು ಹಿಡಿದು ಕೂಡ್ಲಿಗಿ ತುಂಬ ತಿರುಗಿಸ್ತಿದ್ನಿ!”

ಮೇಷ್ಟ್ರ ಕಣ್ಣು ತುಂಬಿ ಬಂತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಪ್ರೀತಿಯನ್ನು ಇಷ್ಟು ಗಟ್ಟಿ ದನಿಯಲ್ಲಿ ಕೇಳಿದ್ದು ಇದೇ ಮೊದಲು. “ಹೋಗಲಿ ಬಿಡು. ಪರಿಹಾರ ಸಿಕ್ಕೈತಿ. ಮೊದ್ಲು ಇದನ್ನ ತಿಂದು ನೋಡು,” ಎಂದು ಕರವಸ್ತ್ರ ಬಿಚ್ಚಿದರು. “ಎಂಥಾ ಕೈಗುಣ ಅಂತಿ! ನಾನು ಜನ್ಮದಾಗ ಇಂಥ ಉಂಡಿ ತಿಂದಿಲ್ಲ. ನೀನೂ ಹಿಂಗ ಮಾಡಾಕ ಕಲೀಬೇಕು ನೋಡು.”

ಸೌಭಾಗ್ಯ ಒಂದು ತುಂಡು ಕಚ್ಚಿದಳು. ದವಡೆ ಎರಡು ಸಲ ಆಡಿ ನಿಂತಿತು.

“ಚೀಲ ಎಲ್ಲೈತಿ?” ಎಂದಳು, ಬಹಳ ಮೆಲ್ಲಗೆ.

ಮೇಷ್ಟ್ರು ಹೆಮ್ಮೆಯಿಂದ ಎತ್ತಿ ತಂದು ಮುಂದಿಟ್ಟರು. ಸೌಭಾಗ್ಯ ಕತ್ತರಿಸಿದ ಹಸಿರು ದಾರವನ್ನು ನೋಡಿದಳು. ಮಿಕ್ಸಿ ನೋಡಿದಳು. ಅರ್ಧ ಖಾಲಿಯಾದ ಡಬ್ಬಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

“ಇದು ನಾನು ಹಡಗಲಿ ಹತ್ರ ಮಾಗಳದಾಗಿರಾ ನಮ್ಮವ್ವಗ ಕಳಿಸಿದ್ದು. ನೀವು ಜಳಕ ಮಾಡಾಗ ಹೋಗಿ ಕಂಡಕ್ಟರ್ ಕೈಯಾಗ ಕೊಟ್ಟು ಬಂದಿದ್ನಿ. ನಮ್ಮ ತಮ್ಮ ಬೀರಲಿಂಗೇಶ ಹಡಗಲಿ ಸ್ಟ್ಯಾಂಡಿನ್ಯಾಗ ಇಳಿಸ್ಕೋಬೇಕಿತ್ತು. ಕಂಡಕ್ಟರ್ ಅವನಿಗೆ, ಯಾವ ಚೀಲಾನೂ ಬಂದಿಲ್ಲ ಅಂದನಂತ. ಅವನು ಈಗ್ಲೂ ಅಲ್ಲೇ ಜಗಳ ತಗದಾನ.”

“ನನ್ನ ಕೈಯಾಗ ಕೊಟ್ಟಿದ್ರ ನಾನೇ ಒಯ್ತಿದ್ನೆಲ್ಲ?” ಎಂದರು ಮೇಷ್ಟ್ರು ಕ್ಷೀಣವಾಗಿ.

“ನೀವು ಬಸ್ಸಿನ್ಯಾಗ ಬಿಟ್ಟು ಇಳೀತೀರಿ ಅಂತ ಅಲ್ಲೇನ್ರಿ ಅವನಿಗೆ ಕೊಟ್ಟಿದ್ದು!” ಸೌಭಾಗ್ಯ ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದಳು. ಏನೂ ಬೀಳಲಿಲ್ಲ. “ಸೀರಿ ಎಲ್ಲಿ? ನಮ್ಮವ್ವನ ಸೀರಿ?”

ಮೇಷ್ಟ್ರು ಸೂರಿನ ಕಡೆ ನೋಡಿದರು. ಅಲ್ಲಿ ಯಾವ ಚಿತ್ರವೂ ಕಾಣಲಿಲ್ಲ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಮಿಣುಕಿತು. ಸೌಭಾಗ್ಯ ಅದನ್ನು ಎಳೆದುಕೊಂಡು ಸ್ಪೀಕರ್ ಒತ್ತಿದಳು.

“ಮೇಷ್ಟ್ರ, ನಾನು ದುರುಗಪ್ಪ!” ಹರಪನಹಳ್ಳಿಯಿಂದ ಧ್ವನಿ ಕುಣಿಯುತ್ತ ಬಂತು. “ಸೀರಿ ನಮ್ಮನ್ಯಾಕಿಗೆ ಭಾಳ ಒಪ್ಪೈತಿ, ಉಟ್ಕಂಡೇ ಕುಂತಾಳ. ಅದಿರಲಿ, ಸಿಹಿ ಸುದ್ದಿ ಕೇಳ್ರಿ. ಆ ಕಂಡಕ್ಟರ್ ಬಾಯಿ ಬಿಟ್ಟಾನಂತ, ಮ್ಯಾನೇಜರ್ ಈಗ ಫೋನ್ ಮಾಡಿದ್ದ! ಚೀಲ ಕೊಟ್ಟಾಕಿ ಸಿಕ್ಕಾಳ. ನಿಮ್ಮ ಕೂಡ್ಲಿಗ್ಯಾಕಿನೇ, ಸೌಭಾಗ್ಯ ಅಂತ ಹೆಸ್ರು. ಟಿಕೀಟಿಲ್ದ ಲಗೇಜು ಹಾಕ್ಯಾಳ, ತಪ್ಪು ಪೂರಾ ಆಕೀದೇ. ಹತ್ತು ಸಾವಿರ ಎಣಿಸಿಕೊಳ್ದ ಬಿಡಂಗಿಲ್ಲ. ಗಂಡ ಸರ್ಕಾರಿ ನೌಕರ ಅಂತ, ಪಗಾರದಾಗ ಹಿಡಿಸಿಬಿಡಾಣ. ನೋಟೀಸು ಬರದು ಇಟ್ಟೀನಿ, ಅವನ ಹೆಸ್ರೊಂದು ಪತ್ತಿ ಆಗವಲ್ದು.”

ಸೌಭಾಗ್ಯ ಗಂಡನ ಮುಖದಿಂದ ಕಣ್ಣು ತೆಗೆಯದೆ ಫೋನನ್ನು ಬಾಯಿಯ ಹತ್ತಿರ ತಂದಳು.

“ಬರಕೊಳ್ರಿ ಅಣ್ಣಾರ,” ಎಂದಳು. “ಅವರ ಹೆಸ್ರು ನಾನು ಹೇಳ್ತೀನಿ.”